ಕಿವಿ ಹತ್ರ ಇದ್ದೀನಿ, ಅಲ್ಲಾಡಬೇಡಿ

(ಪೇಟೆಬೀದಿಯ ಸಲೂನು. ಪುಢಾರಿಯ ಗಲ್ಲದ ತುಂಬ ನೊರೆ. ಕತ್ತಿ ಸೀನನ ಕೈಯಲ್ಲಿರುವುದರಿಂದ ಚರ್ಚೆ ಸಭ್ಯವಾಗಿದೆ.)

ಪುಢಾರಿ: ಫೋನ್ ಕದ್ದಾಲಿಸ್ತಾರಂತಲ್ಲೋ ಸೀನ! ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳು ಹೇಳಿದ್ದಾರೆ. ಕೇಸು ಹಾಕಿದ್ದು ನಮ್ಮೋರೇ, ಪುಟ್ಟಸ್ವಾಮಿಯವರು.

ಸೀನ: ಹೌದಣ್ಣ. ಹಿಂದೊಮ್ಮೆ ನೀವು, ‘ಕಳ್ಳನಲ್ಲದೋನಿಗೆ ಯಾಕಯ್ಯ ಖಾಸಗಿತನ’ ಅಂದಿದ್ರಿ.

ಪುಢಾರಿ: ಆಗ ನಮ್ಮ ಸರ್ಕಾರ. ಅದು ದೇಶದ ಭದ್ರತೆ.

ಸೀನ: ಈಗ?

ಪುಢಾರಿ: ಅವರದ್ದು. ಇದು ಕದ್ದಾಲಿಕೆ!

ಸೀನ: ಓ, ಕಿವಿ ಅದೇ, ಓಲೆ ಬೇರೆ.

ಪುಢಾರಿ: 1988ರಲ್ಲಿ ಇದೇ ಟ್ಯಾಪಿಂಗ್ ಗಲಾಟೆಗೆ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ರು ಕಣೋ.

ಸೀನ: ಆ ಕಾಯಿಲೆ ಆಮೇಲೆ ಯಾರಿಗೂ ಅಂಟಲಿಲ್ವಾ ಅಣ್ಣ? (ಪುಢಾರಿಗೆ ಕೆಮ್ಮು.) ಕಿವಿ ಹತ್ರ ಇದ್ದೀನಿ, ಅಲ್ಲಾಡಬೇಡಿ.

ಪುಢಾರಿ: ಎಲ್ಲಾ 1885ರ ಟೆಲಿಗ್ರಾಫ್ ಕಾಯ್ದೆ ಮಾಡಿದ ಕೆಲಸ. ಬ್ರಿಟಿಷರದ್ದು.

ಸೀನ: ತಂತಿ 2013ಕ್ಕೇ ನಿಂತೋಯ್ತು. ಕೇಳಿಸ್ಕೊಳ್ಳೋದು ಮಾತ್ರ ನಿಲ್ಲಲಿಲ್ಲ ಅನ್ನಿ. ಅಣ್ಣ, ನಮ್ಮ ಫೋನೂ ಟ್ಯಾಪ್ ಮಾಡಿಸಿಕೊಡ್ತೀರಾ?

ಪುಢಾರಿ: ಹುಚ್ಚಾ! ಯಾಕೆ?

ಸೀನ: ಬೀದಿ ಟ್ಯಾಪಲ್ಲಿ ನೀರಿಲ್ಲ ಅಂತ ಆರು ಸಲ ಫೋನ್ ಮಾಡ್ದೆ, ಒಬ್ಬರೂ ಕೇಳಿಸ್ಕೊಂಡಿಲ್ಲ. ಕದ್ದಾದ್ರೂ ಕೇಳ್ಲಿ.

(ನೊರೆ ಒರೆಸಿಕೊಂಡು ಪುಢಾರಿ ಬಾಗಿಲ ಕಡೆ ನೋಡಿದ. ದನಿ ಇಳಿಯಿತು.)

ಪುಢಾರಿ: ಅದಿರಲಿ. ನಿನ್ನೆ ಎದುರು ಪಾರ್ಟಿಯವನು ಬಂದು ಇದೇ ಕುರ್ಚಿಲಿ ಕೂತಿದ್ನಲ್ಲ... ಫೋನಲ್ಲಿ ಏನಂತಿದ್ದ?

ಸೀನ: ದೇಶದ ಭದ್ರತೆಗಾ ಅಣ್ಣ, ಸುಮ್ನೆನಾ?