ವಿಲಂಬ ಮೀಮಾಂಸೆ: ಪವಾಯಿ ಪಂಥದ ಕ್ರೈಸ್ತರ ‘ಮುಂದಿನ ತಿಂಗಳ’ನ್ನು ಕುರಿತು

ಅನುಬಂಧ

ಯಾವ ಶಾಸ್ತ್ರಗ್ರಂಥವಾದರೂ ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಯೇ ಮುಂದುವರಿಯಬೇಕೆಂಬುದು ಹಿರಿಯರ ಕಟ್ಟಳೆ. ಈ ಪ್ರಬಂಧಕ್ಕೆ ಅಧಿಕಾರಿ ಯಾರೆಂದರೆ, ಮುಂಬಯಿಯ ಪವಾಯಿ ಕೆರೆಗೂ ಕಾಂಜೂರ್‌ಮಾರ್ಗ್ ಸ್ಟೇಷನ್ನಿಗೂ ನಡುವೆ ಎಲ್ಲೋ ಒಂದು ಫ್ಲ್ಯಾಟಿನಲ್ಲಿರುವ, ಮಂಗಳೂರು ಉಡುಪಿಯಿಂದಲೋ ಧಾರವಾಡ ಬೀದರದ ಕಡೆಯಿಂದಲೋ ಬಂದ, ಕಪಾಟಿನಲ್ಲಿ ಅಜ್ಜನ ಕಾಲದ ಕನ್ನಡ ಸತ್ಯವೇದವನ್ನೂ ಮೊಬೈಲಿನಲ್ಲಿ ಇಂಗ್ಲಿಷ್ ಸತ್ಯವೇದವನ್ನೂ ಇಟ್ಟುಕೊಂಡು ಎರಡನ್ನೂ ಮುಂದಿನ ತಿಂಗಳಿಂದ ಓದಲಿರುವ ಕ್ರೈಸ್ತ ಗೃಹಸ್ಥ. ವಿಷಯ, ಆ ಮುಂದಿನ ತಿಂಗಳು. ಸಂಬಂಧವೆಂದರೆ ದೇವರಿಗೂ ಆತನಿಗೂ ಇರುವ ಸಂಬಂಧ; ಅದು ಬಹಳ ಚೆನ್ನಾಗಿದೆ, ಭೇಟಿ ಕಡಿಮೆ ಅಷ್ಟೆ. ಪ್ರಯೋಜನವನ್ನು ಕಟ್ಟಕಡೆಗೆ ಹೇಳಲಾಗುವುದು.

ಕ್ರೈಸ್ತ ವಿಷಯಕ್ಕೆ ವೇದಾಂತದ ಚೌಕಟ್ಟು ಯಾಕೆ ಎಂದು ಆಕ್ಷೇಪಿಸುವವರು ಫರ್ಡಿನೆಂಡ್ ಕಿಟ್ಟೆಲರ ಹತ್ತಿರ ಹೋಗಿ ಜಗಳವಾಡಲಿ. ಕ್ರಿಸ್ತನ ಕಥೆಯನ್ನು 1862ರಷ್ಟು ಹಿಂದೆಯೇ ‘ಕಥಾಮಾಲೆ’ಯಲ್ಲಿ ನಮ್ಮ ಛಂದಸ್ಸಿಗೆ ಕೂರಿಸಿದವರು ಅವರು.

ಪೂರ್ವಸೂರಿಗಳು

ವಿಲಂಬವಾದಿಗಳು ನಿನ್ನೆ ಮೊನ್ನೆ ಹುಟ್ಟಿದವರಲ್ಲ. ಪಂಥದ ಆದ್ಯಪುರುಷ ರೋಮನ್ ಅಧಿಪತಿ ಫೇಲಿಕ್ಸ. ಅಪೊಸ್ತಲರ ಕೃತ್ಯಗಳ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಇವನ ಚರಿತ್ರೆಯಿದೆ. ಸೆರೆಯಾಳಾಗಿದ್ದ ಪೌಲ ನೀತಿ, ಇಂದ್ರಿಯನಿಗ್ರಹ, ಬರಲಿರುವ ತೀರ್ಪು ಎಂದು ಮಾತು ಬೆಳೆಸಿದ ಕೂಡಲೇ ಫೇಲಿಕ್ಸನಿಗೆ ನಡುಕ ಬಂತು. ನಂಬಿಕೆ ಇಲ್ಲದಿದ್ದರೆ ನಡುಕ ಯಾಕೆ ಬರಬೇಕು? ನಂಬಿದ್ದಕ್ಕೇ ಅವನು ಪೌಲನನ್ನು ಸದ್ಯಕ್ಕೆ ಕಳಿಸಿ, ಪುರುಸೊತ್ತಾದಾಗ ಕರೆಸುವುದಾಗಿ ಮಾತು ಕೊಟ್ಟ. ಮಾತಿಗೆ ತಪ್ಪಲೂ ಇಲ್ಲ. ಆಗಾಗ ಕರೆಸಿ ಹರಟಿದ. ಲಂಚ ಸಿಕ್ಕೀತೆಂಬ ಆಸೆಯೂ ಇತ್ತೆಂದು ಲೂಕ ಬರೆದಿದ್ದಾನೆ, ಅದು ಬೇರೆ ಮಾತು. ಎರಡು ವರ್ಷ ಕಳೆದ ಮೇಲೆ ಫೇಲಿಕ್ಸನ ಜಾಗಕ್ಕೆ ಫೆಸ್ತ ಬಂದ. ಪೌಲ ಸೆರೆಯಲ್ಲೇ ಉಳಿದ, ಪುರುಸೊತ್ತು ಆಗಲೇ ಇಲ್ಲ.

ಈ ಪರಂಪರೆಯನ್ನು ಸಿಂಹಾಸನಕ್ಕೇರಿಸಿದವನು ಚಕ್ರವರ್ತಿ ಕಾನ್‌ಸ್ಟಂಟೈನ್. 312ರ ಯುದ್ಧದ ಜಯವನ್ನು ಕ್ರೈಸ್ತರ ದೇವರ ಲೆಕ್ಕಕ್ಕೆ ಬರೆದುಕೊಟ್ಟವನು ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಶಯ್ಯೆಯ ಮೇಲೆ. ನಡುವೆ, 325ರಲ್ಲಿ, ನೈಸಿಯದಲ್ಲಿ ಬಿಷಪರ ಮಹಾಸಭೆ ಕರೆದು ಕ್ರಿಸ್ತನ ದೈವತ್ವದ ಚರ್ಚೆ ನಡೆಸಿದ. ಸ್ವತಃ ನೀರಿಗಿಳಿಯದೆ ದಡದಲ್ಲಿ ಕೂತು ಕಮಿಟಿ ನಡೆಸುವ ಈ ಪದ್ಧತಿ ಎಷ್ಟು ಸಭೆಗಳಲ್ಲಿ ಇನ್ನೂ ಜೀವಂತವಾಗಿದೆ ಎಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮುಂದಿನ ಚುನಾವಣೆಗೆ ಪ್ರಬಂಧಕಾರನೂ ನಿಲ್ಲಬೇಕೆಂದಿದ್ದಾನೆ.

ನಾಲ್ಕನೆಯ ಶತಮಾನದಲ್ಲಿ ಇದು ದೊಡ್ಡವರ ರೂಢಿಯೇ ಆಗಿತ್ತು. ಸ್ನಾನದಲ್ಲಿ ಪಾಪವೆಲ್ಲ ತೊಳೆದುಹೋಗುವುದಾದರೆ, ಸಾಯುವ ಮುನ್ನ ಒಂದೇ ಸಲ ತೊಳೆಯುವುದು ಲಾಭ ಎಂಬುದು ಅವರ ಗಣಿತ. ಬಸಿಲ್, ನಿಸ್ಸಾದ ಗ್ರೆಗರಿ ಮುಂತಾದ ಬಿಷಪರು ಇದರ ವಿರುದ್ಧ ಪ್ರಸಂಗ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡರು. ಆದರೆ ಈ ಗಣಿತದಲ್ಲಿ ಒಂದು ಅಪಾಯವಿದೆ. ಅದಕ್ಕೆ ಚಕ್ರವರ್ತಿ ಥಿಯೊಡೋಸಿಯಸ್ ಸಾಕ್ಷಿ. 380ರಲ್ಲಿ ಥೆಸಲೋನಿಕದಲ್ಲಿ ಕಾಯಿಲೆ ಬಿದ್ದು, ಇನ್ನು ಉಳಿಯುವುದಿಲ್ಲವೆಂದು ದೀಕ್ಷಾಸ್ನಾನ ಮಾಡಿಸಿಕೊಂಡ. ಆಮೇಲೆ ಗುಣವಾಗಿಬಿಟ್ಟ. ಉಳಿದ ಸುಮಾರು ಹದಿನೈದು ವರ್ಷ ಪೂರ್ತಿ ಕ್ರೈಸ್ತನಾಗಿಯೇ ಬದುಕಬೇಕಾಗಿ ಬಂತು. 390ರಲ್ಲಿ ಅದೇ ಥೆಸಲೋನಿಕದ ಜನರನ್ನು ಅವನ ಸೈನಿಕರು ಕೊಂದಾಗ, ಮಿಲಾನಿನ ಬಿಷಪ್ ಆಂಬ್ರೋಸ್ ಅವನಿಂದ ಬಹಿರಂಗ ಪ್ರಾಯಶ್ಚಿತ್ತ ಮಾಡಿಸಿದ. ಹತ್ತು ವರ್ಷ ತಡೆದುಕೊಂಡಿದ್ದರೆ ಈ ಅವಮಾನ ಎಲ್ಲಿತ್ತು?

ಸಂತ ಅಗಸ್ಟೀನನ ವಿಷಯ ಎಲ್ಲರಿಗೂ ಗೊತ್ತು. ಶುದ್ಧ ಬಾಳನ್ನು ಬೇಡಿಕೊಂಡು, ಜಾರಿಗೆ ಬರುವ ದಿನಾಂಕವನ್ನು ಮಾತ್ರ ಮುಂದಕ್ಕೆ ಹಾಕಿಸಿಕೊಂಡ ಅರ್ಜಿ ಅವನದು. ವಿಷಾದವೆಂದರೆ 387ರ ಈಸ್ಟರಿನಲ್ಲಿ ಅವನೂ ಸ್ನಾನ ಮಾಡಿ ಪಂಥವನ್ನು ಬಿಟ್ಟುಹೋದ.

ಕನ್ನಡದ ಆಧಾರ ಬೇಕೆನ್ನುವವರಿಗೆ ಜಾನ್ ಹ್ಯಾಂಡ್ಸ್ ಇದ್ದಾರೆ. 1810ರಲ್ಲಿ ಬಳ್ಳಾರಿಗೆ ಬಂದ ಈ ಲಂಡನ್ ಮಿಷನಿನವರು ಮತ್ತು ಅವರ ಜೊತೆಗಾರರು ದುಡಿದು ಕನ್ನಡ ಸತ್ಯವೇದವನ್ನು ಪೂರ್ತಿಯಾಗಿ ಜನರ ಕೈಗಿಟ್ಟದ್ದು 1831ರಲ್ಲಿ. ಅನುವಾದ ಮಾಡಿದವರೇ ಎರಡು ದಶಕ ತೆಗೆದುಕೊಂಡಿರುವಾಗ ಓದುವವರನ್ನು ಅವಸರಪಡಿಸುವುದು ಯಾವ ನ್ಯಾಯ? ಅವರು ಆ ಎರಡು ದಶಕ ದಿನಾ ಬೆಳಗ್ಗೆ ಕೂತು ಕೆಲಸ ಮಾಡುತ್ತಿದ್ದರು ಎಂದು ವಾದಿಸುವವರು ವಿಷಯಾಂತರ ಮಾಡುತ್ತಿದ್ದಾರೆ.

ಕ್ಷೇತ್ರಮಹಾತ್ಮೆ

ಪವಾಯಿಯೇ ಈ ದರ್ಶನದ ಕ್ಷೇತ್ರವಾದದ್ದು ಯಾಕೆ? ಉತ್ತರ ಕೆರೆಯಲ್ಲಿದೆ. ಮುಂಬಯಿಗೆ ವಿಹಾರ್ ಕೆರೆಯ ನೀರು ಬಂದದ್ದು 1860ರಲ್ಲಿ, ಆಮೇಲೆ ತುಳಸಿ ಕೆರೆ. ಊರು ಬೆಳೆದು ಮತ್ತೆ ನೀರಿನ ಬರ ಎದುರಾದಾಗ, ದೂರದ ತಾನ್ಸಾ ಯೋಜನೆ ಮುಗಿಯುವ ತನಕ ಕಾಯಲಾರದೆ ಇಲ್ಲೇ ತುರ್ತಾಗಿ ಅಣೆಕಟ್ಟು ಕಟ್ಟಿದರು. 1891ರಲ್ಲಿ ಪವಾಯಿ ಕೆರೆ ತುಂಬಿತು. ಮರುವರ್ಷವೇ ತಾನ್ಸಾ ನೀರು ಬಂತು. ಪವಾಯಿಯ ನೀರು ಕುಡಿಯಲು ಯೋಗ್ಯವಲ್ಲವೆಂದು ಬಿಟ್ಟರು. ಈಗ ಅದರಲ್ಲಿ ಅಂತರಗಂಗೆ ಬೆಳೆಯುತ್ತದೆ, ಮೊಸಳೆಗಳು ಬಿಸಿಲು ಕಾಯುತ್ತವೆ. ಈ ಕ್ಷೇತ್ರದಲ್ಲಿ ತಡಮಾಡದೆ ಕೈಗೊಂಡ ಕಾರ್ಯದ ಗತಿ ಇದು. ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡಿನಲ್ಲಿ ರಿಕ್ಷಾದಲ್ಲಿ ಕೂತು, ಮೆಟ್ರೋ ಆರನೇ ಮಾರ್ಗದ ಕಂಬಗಳನ್ನು ಎಣಿಸುತ್ತ ವರ್ಷಗಟ್ಟಲೆ ಓಡಾಡಿದವರಿಗೆ ಕಾಯುವಿಕೆಯೇ ಒಂದು ಆಧ್ಯಾತ್ಮಿಕ ಸಾಧನೆಯೆಂದು ಬೇರೆ ಹೇಳಿಕೊಡಬೇಕಾಗಿಲ್ಲ.

ಕ್ಷೇತ್ರಕಾರ್ಯದಲ್ಲಿ ಸಿಕ್ಕ ಕೆಲವು ಆಚರಣೆಗಳನ್ನು ದಾಖಲಿಸುವುದು ಕರ್ತವ್ಯ. ಮಾಹಿತಿದಾರ ‘ಕ’ ಅವರು ಕನ್ನಡ ಆರಾಧನೆಗೆ ಹೋಗದಿರುವುದಕ್ಕೆ ಮಧ್ಯ ರೈಲ್ವೆಯ ರವಿವಾರದ ಮೆಗಾ ಬ್ಲಾಕ್ ಕಾರಣವೆಂದರು. ಬ್ಲಾಕ್ ಶುರುವಾಗುವುದು ಹನ್ನೊಂದರ ಸುಮಾರಿಗೆ, ಆರಾಧನೆ ಒಂಬತ್ತಕ್ಕಲ್ಲವೇ ಎಂದು ಕೇಳಿದಾಗ, ಮುಗಿಸಿ ಬರುವುದು ಹೇಗೆ ಎಂದು ಮರುಪ್ರಶ್ನೆ ಹಾಕಿದರು. ಪ್ರಸಂಗವನ್ನು ಮನೆಯಲ್ಲೇ ಯೂಟ್ಯೂಬಿನಲ್ಲಿ ಕೇಳುವ ವ್ಯವಸ್ಥೆಯಿದೆ. ‘ವಾಚ್ ಲೇಟರ್’ ಪಟ್ಟಿಯಲ್ಲಿ ಕೊರೋನಾ ಕಾಲದಿಂದ ಇತ್ತೀಚಿನವರೆಗಿನ ಪ್ರಸಂಗಗಳು ಒಂದೂ ಕೆಡದೆ ಇವೆ.

‘ಖ’ ಅವರು ಬೆಳಗ್ಗೆ ಐದೂವರೆಗೆ ಎದ್ದು ಹೀರಾನಂದಾನಿಯ ರಸ್ತೆಗಳಲ್ಲಿ ಓಡುತ್ತಾರೆ, ಮಳೆಯಿರಲಿ ಚಳಿಯಿರಲಿ. ಡಾಕ್ಟರು ಹೇಳಿದ ಮರುದಿನವೇ ಶುರುಮಾಡಿದರಂತೆ. ಪ್ರಾರ್ಥನೆಗೆ ಮಾತ್ರ ಬೆಳಗಿನ ಹೊತ್ತು ಮನಸ್ಸು ನಿಲ್ಲುವುದಿಲ್ಲವಂತೆ. ಕಥೊಲಿಕ ಮಾಹಿತಿದಾರ ‘ಗ’ ಅವರು ಸತತ ಒಂಬತ್ತು ಮೊದಲ ಶುಕ್ರವಾರಗಳ ವ್ರತ ಹಿಡಿದವರು. ಪ್ರತಿ ವರ್ಷ ಫೆಬ್ರವರಿಯಲ್ಲಿ ಆರಂಭಿಸುತ್ತಾರೆ, ಜುಲೈಯ ಮಳೆಯಲ್ಲಿ ಸರಪಳಿ ತುಂಡಾಗುತ್ತದೆ. ಒಂದು ವರ್ಷದಲ್ಲಿ ಸತ್ಯವೇದ ಓದಿ ಮುಗಿಸುವ ಪಟ್ಟಿ ಹಿಡಿದವರೆಲ್ಲ ಜನವರಿಯಲ್ಲಿ ಆದಿಕಾಂಡವನ್ನು ಉತ್ಸಾಹದಿಂದ ದಾಟಿ, ಫೆಬ್ರವರಿಯಲ್ಲಿ ಯಾಜಕಕಾಂಡದ ಹೋಮಬಲಿಗಳ ನಡುವೆ ಕಾಣೆಯಾಗುತ್ತಾರೆ. ಲೋಕದ ಸೃಷ್ಟಿಯನ್ನು ಪವಾಯಿಯವರಷ್ಟು ಸಲ ಓದಿದವರು ಇನ್ನಿಲ್ಲ. ಹೀಗಾಗಿ ಇಸ್ರಾಯೇಲರು ವಾಗ್ದತ್ತ ದೇಶಕ್ಕೆ ಮುಟ್ಟಿದರೋ ಇಲ್ಲವೋ ಎಂಬ ವಿಷಯದಲ್ಲಿ ಇಲ್ಲಿ ಖಚಿತ ಮಾಹಿತಿಯಿಲ್ಲ.

ಈ ಎಲ್ಲರಿಗೂ ಸಾಮಾನ್ಯವಾದದ್ದು ರಿಟೈರ್‌ಮೆಂಟ್ ಎಂಬ ವಾನಪ್ರಸ್ಥ. ಆಗ ಮಂಗಳೂರಿಗೆ ಹೋಗುವುದು, ಬಲ್ಮಠದ ಶಾಂತಿ ಕೆಥೆಡ್ರಲ್ಲಿನ ಗಂಟೆ ಕೇಳುವಷ್ಟು ಹತ್ತಿರ ಒಂದು ಮನೆ ಮಾಡುವುದು, ದಿನಾ ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ. ಕುಟುಂಬ ಆಗ ಕೆನಡಾದಲ್ಲಿರುತ್ತದೆ ಎಂಬ ಸಣ್ಣ ತೊಡಕು ಯೋಜನೆಯಲ್ಲಿ ಬಂದಿಲ್ಲ.

ಮೂರು ನೆಪಗಳ ಭಾಷ್ಯ

ಲೂಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ದೊಡ್ಡ ಔತಣದ ಸಾಮ್ಯವಿದೆ. ಊಟ ಸಿದ್ಧವಾಗಿ ಕರೆ ಹೋದಾಗ ಮೂವರು ನೆಪ ಹೇಳಿದರು. ಒಬ್ಬ ಹೊಲ ಕೊಂಡಿದ್ದ, ನೋಡಲು ಹೋಗಬೇಕಿತ್ತು. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದ, ಪರೀಕ್ಷಿಸಬೇಕಿತ್ತು. ಮೂರನೆಯವನಿಗೆ ಮದುವೆಯಾಗಿತ್ತು. ವ್ಯಾಖ್ಯಾನಕಾರರು ಇಲ್ಲಿ ಒಂದು ಕಡೆ ಮುಗ್ಗರಿಸುತ್ತಾರೆ: ನೋಡದೆ ಹೊಲ ಕೊಳ್ಳುವವನು ಯಾರು? ಹೂಡಿ ನೋಡದೆ ಹತ್ತು ಎತ್ತಿಗೆ ದುಡ್ಡು ಕೊಡುವವನು ಯಾರು? ಆದ್ದರಿಂದ ಇವು ಶುದ್ಧ ಸುಳ್ಳು ಎಂದು ಅವರು ತೀರ್ಮಾನಿಸಿದರು.

ಪವಾಯಿಯಲ್ಲಿ ಫ್ಲ್ಯಾಟ್ ಬುಕ್ ಮಾಡದ ವಿದ್ವಾಂಸರು ಹೀಗೆ ಬರೆಯುವುದು ಸಹಜ. ಇಲ್ಲಿ ಎಲ್ಲರೂ ಮೊದಲು ಕೊಳ್ಳುತ್ತಾರೆ, ಆಮೇಲೆ ನೋಡುತ್ತಾರೆ. ಹದಿನೇಳನೆಯ ಮಹಡಿಯ ಕೆರೆನೋಟದ ಮನೆಯನ್ನು, ಆ ಜಾಗದಲ್ಲಿ ಇನ್ನೂ ಗುಂಡಿಯಿರುವಾಗಲೇ ಬಣ್ಣದ ಪುಸ್ತಿಕೆ ನೋಡಿ ಕೊಂಡು, ಇಪ್ಪತ್ತು ವರ್ಷದ ಸಾಲ ಹೊತ್ತು, ಪ್ರತಿ ರವಿವಾರ ಕುಟುಂಬ ಸಮೇತ ಹೋಗಿ ಪತ್ರಾದ ಬೇಲಿಯ ಸಂದಿನಿಂದ ಎಷ್ಟು ಮೇಲೆ ಬಂತೆಂದು ನೋಡುತ್ತಾರೆ. ಸಾಮ್ಯದ ಮೊದಲನೆಯವನು ಸುಳ್ಳುಗಾರನಲ್ಲ, ಪೊಸೆಷನ್ನಿಗೆ ಕಾಯುತ್ತಿದ್ದ ಪ್ರಾಮಾಣಿಕ ಗ್ರಾಹಕ. ಎರಡನೆಯವನ ಹತ್ತು ಎತ್ತು ಈಗಿನ ಲೆಕ್ಕದಲ್ಲಿ ಒಂದು ಎಸ್‌ಯುವಿ. ಹೊಸ ಗಾಡಿಯ ಓಟ ಪರೀಕ್ಷಿಸಲು ರಸ್ತೆ ಖಾಲಿಯಿರುವುದು ರವಿವಾರ ಬೆಳಗ್ಗೆ ಮಾತ್ರ.

ಮೂರನೆಯವನ ಶೈಲಿಯನ್ನು ಗಮನಿಸಬೇಕು. ಮೊದಲಿಬ್ಬರು ವಿನಯದಿಂದ ಕ್ಷಮೆ ಕೋರಿದರು. ಮದುವೆಯಾದವನು ಬರಲಾರೆ ಎಂದಷ್ಟೇ ಹೇಳಿದ. ಅವನ ಹೆಂಡತಿಗೂ ಕರೆ ಇತ್ತೋ, ಅವಳು ಹೊರಟು ನಿಂತಿದ್ದಳೋ ಎಂದು ಯಾರೂ ವಿಚಾರಿಸಿಲ್ಲ. ಕ್ಷೇತ್ರಕಾರ್ಯದ ವೇಳೆ ‘ಕ’ ಅವರ ಶ್ರೀಮತಿಯವರು ಒಳಗಿನಿಂದ, “ನಾನು ಸೀರೆ ಉಟ್ಟು ಎಂಟಕ್ಕೇ ಕೂತಿರ್ತೇನೆ, ಅದನ್ನೂ ಬರ್ಕೊಳ್ಳಿ” ಎಂದರು. ಬರೆದುಕೊಳ್ಳಲಾಗಿದೆ.

ಈ ಮೂರೂ ಮರ್ಯಾದಸ್ಥರ ಕೆಲಸಗಳು ಎಂಬುದೇ ಸಿದ್ಧಾಂತದ ಬಲ. ಕುಡಿದು ಬಿದ್ದಿದ್ದೆ, ಇಸ್ಪೀಟು ಆಡುತ್ತಿದ್ದೆ ಎಂದು ಒಬ್ಬನೂ ಹೇಳಲಿಲ್ಲ. ಮನೆ, ವಾಹನ, ಸಂಸಾರ. ಪಾದ್ರಿಯವರೇ ಬಂದು ಆಶೀರ್ವದಿಸಿ, ಪ್ರಾರ್ಥಿಸಿ, ಕೇಸರಿಬಾತು ತಿಂದುಹೋದ ವಸ್ತುಗಳಿಗಾಗಿಯೇ ಪಾದ್ರಿಯವರ ಆರಾಧನೆ ತಪ್ಪುವುದು. ಪಾಪದಿಂದ ಹಾಳಾದವರು ತಿರುಗಿ ಬರುವ ಉದಾಹರಣೆ ಸತ್ಯವೇದದಲ್ಲಿ ಎಷ್ಟೋ ಇವೆ. ಹೋಮ್ ಲೋನಿನಿಂದ ತಿರುಗಿ ಬಂದವನ ಉದಾಹರಣೆ ಪ್ರಬಂಧಕಾರನಿಗೆ ಸಿಕ್ಕಿಲ್ಲ.

ಇದಕ್ಕೆ ಪೂರಕವಾಗಿ ಲೂಕನ ಹನ್ನೆರಡನೆಯ ಅಧ್ಯಾಯದ ಶ್ರೀಮಂತನನ್ನು ನೋಡಬಹುದು. ಇದ್ದ ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸಿ, ಆಮೇಲೆ ಆರಾಮವಾಗಿರುತ್ತೇನೆಂದು ಅವನು ಲೆಕ್ಕ ಹಾಕಿದ. ಮುಂಬಯಿಯವರಿಗೆ ಇದು ರೀಡೆವಲಪ್‌ಮೆಂಟ್ ಎಂದು ಒಡನೆಯೇ ಹೊಳೆಯುತ್ತದೆ. ಅದೇ ರಾತ್ರಿ ಅವನ ಪ್ರಾಣ ಹೋಯಿತು. ಅವನು ಸೊಸೈಟಿಯ ಜನರಲ್ ಬಾಡಿಯಲ್ಲಿ ಪ್ರಸ್ತಾವ ಇಟ್ಟಿದ್ದರೆ ಆ ರಾತ್ರಿ ಸಾಯಬೇಕಾಗಿರಲಿಲ್ಲ. ಮೊದಲ ಮೀಟಿಂಗಿಗೆ ಕೋರಂ ಆಗುವಷ್ಟರಲ್ಲೇ ವಯಸ್ಸಾಗಿ ಸಾಯುತ್ತಿದ್ದ.

ಪೂರ್ವಪಕ್ಷ ಖಂಡನೆ

ಎರಡು ಆಕ್ಷೇಪಗಳು ಬಂದಿವೆ. ಮೊದಲನೆಯದು ಐಐಟಿಯಿಂದ. ಅಲ್ಲಿ 1958ರಲ್ಲಿ ಮೊದಲ ತಂಡಕ್ಕೆ ಪಾಠ ಶುರುವಾದದ್ದು ವರ್ಲಿಯ ತಾತ್ಕಾಲಿಕ ಜಾಗದಲ್ಲಿ. ಪವಾಯಿಯಲ್ಲಿ ನೆಹರೂ ಅಡಿಗಲ್ಲಿಟ್ಟದ್ದು 1959ರ ಮಾರ್ಚಿನಲ್ಲಿ. ಕಟ್ಟಡ, ಕ್ಯಾಂಪಸ್ಸು, ಕೆರೆಯ ಗಾಳಿ ಎಲ್ಲ ಕೂಡಿಬರುವ ತನಕ ಕಾಯದೆ ಸಿಕ್ಕ ಕೋಣೆಯಲ್ಲೇ ಆರಂಭಿಸಬಹುದಲ್ಲ ಎಂಬುದು ಪೂರ್ವಪಕ್ಷಿಯ ವಾದ. ಅದು ಇಂಜಿನಿಯರಿಂಗಿಗೆ ಸಲ್ಲುತ್ತದೆ, ಪ್ರಾರ್ಥನೆಗೆ ಏಕಾಂತ ಬೇಕು, ಏಕಾಂತಕ್ಕೆ ಇನ್ನೊಂದು ಬೆಡ್‌ರೂಮ್ ಬೇಕು ಎಂದು ಖಂಡಿಸಿದ್ದೇವೆ.

ಎರಡನೆಯ ಆಕ್ಷೇಪ ಒಬ್ಬ ದಾದಿಯಿಂದ. ಬೀದರ್ ಕಡೆಯ ಮೆಥೊಡಿಸ್ಟ್ ಹೆಣ್ಣುಮಗಳು; ತುಂಗಾ ಗಾಂವ್‌ನಲ್ಲಿ ನಾಲ್ವರ ಜೊತೆ ಒಂದು ಕೋಣೆ, ರಾತ್ರಿ ಪಾಳಿ, ಹಗಲು ಇನ್ನೊಂದು ಮನೆಯಲ್ಲಿ ಮುದುಕಿಯೊಬ್ಬರ ಆರೈಕೆ. ಬಸ್ ಸ್ಟಾಪಿನಲ್ಲಿ ಬ್ಯಾಗಿನ ಮೇಲೆ ಚಿಕ್ಕ ಹೊಸ ಒಡಂಬಡಿಕೆ ಬಿಚ್ಚಿಟ್ಟು ಓದುತ್ತಿದ್ದಳು. ಪುರುಸೊತ್ತು ಹೇಗೆ ಸಿಗುತ್ತದೆಂದು ಸಂಶೋಧನೆಯ ದೃಷ್ಟಿಯಿಂದ ಕೇಳಿದೆವು.

“ಪುರ್ಸತ್ತು ಎಲ್ಲದರಿ ಅಣ್ಣಾ?” ಎಂದಳು. “ಪುರ್ಸತ್ತ ಸಿಗ್ಲಿ ಅಂತ ಕುಂತ್ರ ನಾ ಹಲ್ಲು ಸುದಾ ತಿಕ್ಕಂಗಿಲ್ಲ.”

ಈ ಹೇಳಿಕೆಯಲ್ಲಿ ಪಾರಿಭಾಷಿಕ ಪದ ಒಂದೂ ಇಲ್ಲ. ಹೇಳಿದವಳಿಗೆ ಫ್ಲ್ಯಾಟಿಲ್ಲ, ಗಾಡಿಯಿಲ್ಲ, ಮದುವೆಯಿಲ್ಲ, ಅಂದರೆ ಮುಂದೂಡಲು ಬೇಕಾದ ಮೂಲ ಸೌಕರ್ಯವೇ ಇಲ್ಲ. ಔತಣದ ಸಾಮ್ಯದಲ್ಲಿ ನೆಪ ಹೇಳಿದವರ ಜಾಗಕ್ಕೆ ಬೀದಿಬೀದಿಯಿಂದ ಕರೆತಂದು ಕೂರಿಸಿದ್ದು ಇಂಥವರನ್ನೇ ಎಂದು ಯಾರೋ ನೆನಪಿಸಿದರು. ಅದು ಈ ಅಧ್ಯಯನದ ವ್ಯಾಪ್ತಿಯಾಚೆಗಿನ ವಿಷಯವಾದ್ದರಿಂದ ಅವಳನ್ನು ಮಾದರಿಯಿಂದ ಕೈಬಿಡಲಾಗಿದೆ.

ಫಲಶ್ರುತಿ

ಈ ಮೀಮಾಂಸೆಯನ್ನು ರವಿವಾರ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ, ಚಹಾ ಕುಡಿಯುತ್ತ, ಭಕ್ತಿಯಿಂದ ಪಠಿಸಿದವರ ಫ್ಲ್ಯಾಟಿಗೆ ಪೊಸೆಷನ್ ಬೇಗ ಬರುತ್ತದೆ, ಸಾಲದ ಬಡ್ಡಿ ಇಳಿಯುತ್ತದೆ, ಎಸ್‌ಯುವಿಗೆ ನೆರಳಿನಲ್ಲಿ ಪಾರ್ಕಿಂಗ್ ಸಿಗುತ್ತದೆ. ಓದದೆ ಎತ್ತಿಟ್ಟವರಿಗೂ ಫಲ ಅಷ್ಟೇ. ಅವರು ಗ್ರಂಥದ ನಿಜವಾದ ಅಧಿಕಾರಿಗಳು. ಅರ್ಧ ಓದಿ, ಪತ್ರಿಕೆ ಮಡಚಿ, ಚಪ್ಪಲಿ ಮೆಟ್ಟಿ ಆರಾಧನೆಗೆ ಹೊರಟುಹೋದವರಿಗೆ ಯಾವ ಫಲವನ್ನೂ ಹೇಳಿಲ್ಲ. ಅವರು ಬೇಗ ಬೇಗ ನಡೆದರೆ ಎಂಟೂ ಹತ್ತರ ಸ್ಲೋ ಸಿಗಬಹುದು, ‘ಕ’ ಅವರ ಶ್ರೀಮತಿಯವರು ಲೇಡೀಸ್ ಡಬ್ಬಿಯಲ್ಲಿರುತ್ತಾರೆ.