ವಿವಾಹಪ್ರಕಾಶಿಕೆ: ಸಭಾಷ್ಯ, ಸಟೀಕ

ಶಾಸ್ತ್ರಗ್ರಂಥವೊಂದು ಶುರುವಾಗುವ ಮೊದಲು ಅದನ್ನು ಓದುವ ಅಧಿಕಾರ ಯಾರಿಗೆ, ವಿಷಯವೇನು, ಪ್ರಯೋಜನವೇನು ಎಂದು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥಕ್ಕೆ ಅಧಿಕಾರಿ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ರಸೀದಿ ಕಳೆದುಕೊಂಡಿರುವ ಹೆಣ್ಣಿನ ತಂದೆ. ವಿಷಯ, ಮದುವೆ ಫೋಟೋದ ಮೇಲೆ ಬೀಳಬೇಕಾದ ಬೆಳಕು. ಪ್ರಯೋಜನ, ಆಲ್ಬಮ್ ತೆರೆದಾಗ ಮದುಮಗಳನ್ನು ಸೀರೆಯ ಬಣ್ಣದಿಂದಲ್ಲದೆ ಮುಖದಿಂದಲೇ ಗುರುತು ಹಿಡಿಯಲು ಸಾಧ್ಯವಾಗುವುದು. ಮೋಕ್ಷ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. ಅದು ಬೇರೆ ಪ್ಯಾಕೇಜು.

ಮೊದಲ ಸೂತ್ರ: ಬೆಳಕನ್ನು ಗೊತ್ತುಮಾಡುವವನು ಕ್ಯಾಮೆರಾ ಹಿಡಿಯುವುದಿಲ್ಲ.

ಭಾಷ್ಯ: ಫೋಟೋಗ್ರಾಫರ್ ಛತ್ರದ ಮೆಟ್ಟಿಲು ಹತ್ತುವ ಎಷ್ಟೋ ತಿಂಗಳ ಮೊದಲೇ ಪುರೋಹಿತರು ಪಂಚಾಂಗ ಬಿಡಿಸಿ, ಆ ಹೊತ್ತಿಗೆ ಸೂರ್ಯ ಎಲ್ಲಿರಬೇಕೆಂದು ತೀರ್ಮಾನಿಸಿ, ಕಾಫಿ ಕುಡಿದು ಹೋಗಿರುತ್ತಾರೆ. ಬ್ರಾಹ್ಮೀ ಮುಹೂರ್ತವಾದರೆ ಸೂರ್ಯನೇ ಗೈರುಹಾಜರಿ. ಜನವರಿ ಕೊನೆಯ ಬೆಂಗಳೂರಿನಲ್ಲಿ ಅವನು ಏಳುವುದು 6.45ರ ಸುಮಾರಿಗೆ, ಅಷ್ಟರಲ್ಲಿ ಧಾರೆ ಮುಗಿದು ತಿಂಡಿಯ ಎರಡನೇ ಪಂಕ್ತಿ ಕೂತಿರುತ್ತದೆ. ಅಭಿಜಿನ್ ಲಗ್ನವಾದರೆ ಕಷ್ಟ ತಿರುಗುಮುರುಗು. ಹಗಲನ್ನು ಹದಿನೈದು ಮುಹೂರ್ತ ಮಾಡಿದರೆ ನಟ್ಟನಡುವಿನ ಎಂಟನೆಯದೇ ಅಭಿಜಿತ್; ಅದರ ಆಯಸ್ಸು ಸುಮಾರು 48 ನಿಮಿಷ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ 12.17ರ ಹೊತ್ತಿಗೆ, ಸೂರ್ಯ ನೆತ್ತಿಯ ಮೇಲೆ ಎಷ್ಟು ಸರಿಯಾಗಿ ನಿಲ್ಲುತ್ತಾನೆಂದರೆ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಖಗೋಳ ಪ್ರಿಯರು ಅದನ್ನು ಶೂನ್ಯ ನೆರಳಿನ ದಿನವೆಂದು ಸಂಭ್ರಮಿಸುತ್ತಾರೆ. ಮದುಮಗನ ಪಾಲಿಗೆ ನೆರಳು ಶೂನ್ಯವಲ್ಲ. ಅದಷ್ಟೂ ಬಂದು ಅವನ ಕಣ್ಣಗುಳಿಯಲ್ಲಿ ಸೇರಿಕೊಂಡಿರುತ್ತದೆ. ಮೇಲೆ ಬಾಸಿಂಗ ಬೇರೆ.

ಉಳಿದದ್ದು ಗೋಧೂಳಿ ಲಗ್ನ. ಓರೆಯಾಗಿ, ಮೆತ್ತಗೆ, ಹೊಂಬಣ್ಣದಲ್ಲಿ ಬೀಳುವ ಈ ಬೆಳಕಿಗೆ ಸಾಟಿಯಿಲ್ಲವೆಂದು ಫೋಟೋಗ್ರಾಫರುಗಳ ಎಲ್ಲ ಪಂಥಗಳೂ ಒಪ್ಪುತ್ತವೆ. ಆದರೆ ನಮ್ಮ ಹಳೇ ಮೈಸೂರಿನ ಕಡೆ ಧಾರೆಯ ಹಿಂದಿನ ಸಂಜೆಯೇ ರಿಸೆಪ್ಷನ್. ಆ ಹೊತ್ತಿನಲ್ಲಿ ಮದುಮಗಳು ಟ್ಯೂಬ್‌ಲೈಟಿನ ಕೋಣೆಯೊಳಗೆ ಬ್ಯೂಟೀಷಿಯನ್ನಿನ ವಶದಲ್ಲಿರುತ್ತಾಳೆ. ‘ಆಯ್ತು, ಬಂದ್ಳು’ ಎಂದು ಬಾಗಿಲ ಸಂದಿಯಿಂದ ಮೂರು ಸಲ ಕೇಳಿಬರುತ್ತದೆ. ಅವಳು ನಿಜವಾಗಿ ಹೊರಗೆ ಬರುವಷ್ಟರಲ್ಲಿ ಸೂರ್ಯ ಮುಳುಗಿ ಕೊತ್ತಂಬರಿ ಸೊಪ್ಪಿನವನೂ ಮನೆಗೆ ಹೋಗಿರುತ್ತಾನೆ.

ದಿಕ್ಕಿನ ಸೂಕ್ಷ್ಮವೊಂದನ್ನು ಇಲ್ಲೇ ಹೇಳಬೇಕು. ಅಂತರಪಟ ಹಿಡಿದಾಗ ಕೆಲವು ಸಂಪ್ರದಾಯಗಳಲ್ಲಿ ವರ ಪೂರ್ವಕ್ಕೆ, ವಧು ಪಶ್ಚಿಮಕ್ಕೆ ಮುಖಮಾಡಿ ನಿಲ್ಲುತ್ತಾರೆ. ಬೆಳಗಿನ ಬಿಸಿಲು ಒಳಗೆ ಬರುವ ಪುಣ್ಯವಂತ ಛತ್ರದಲ್ಲಿ ಅದು ನೇರವಾಗಿ ಹುಡುಗನ ಮುಖಕ್ಕೆ ಬೀಳುತ್ತದೆ. ಹುಡುಗಿಗೆ ದಕ್ಕುವುದು ಜಡೆಯ ಮೇಲಿನ ಬೆಳಕು. ಮೇಕಪ್ಪಿಗೆ ಹಣ ಕೊಟ್ಟವರು ಯಾರು, ಬೆಳಕು ಸಿಕ್ಕಿದ್ದು ಯಾರಿಗೆ ಎಂಬ ವಿವಾದ ಇಲ್ಲಿಂದಲೇ ಶುರು. ಹಾಗಿದ್ದರೂ ವ್ಯವಹಾರದಲ್ಲಿ ಈ ವಿವಾದ ಏಳುವುದು ಅಪರೂಪ. ಮಂಟಪದ ಹಿಂದಿನ ಕಿಟಕಿಗಳನ್ನೆಲ್ಲ ಡೆಕೊರೇಷನ್ನಿನವರು ಥರ್ಮೊಕೋಲಿನ ಆನೆಗಳಿಂದ ಮುಚ್ಚಿ ಇಬ್ಬರಿಗೂ ಸಮಾನವಾಗಿ ಕತ್ತಲೆ ಹಂಚಿರುತ್ತಾರೆ.

ಪೂರ್ವಪಕ್ಷ: ಫ್ಲ್ಯಾಶ್ ಇದೆಯಲ್ಲ?

ಇದೆ. ಆದರೆ ಬೆಳಕಿನ ಮೂಲದಿಂದ ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಎಂಬ ನಿಯಮಕ್ಕೆ ರಾಹುಕಾಲ, ಗುಳಿಕಕಾಲದ ಭೇದವಿಲ್ಲ. ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಶಾಸ್ತ್ರಿಗಳು ಕೂಗಿದ ಕೂಡಲೇ ಇಡೀ ಛತ್ರ ಎದ್ದು ನಿಂತು ಅಕ್ಷತೆ ಎಸೆಯುತ್ತದಷ್ಟೆ. ಹಿಂದಿನ ಸಾಲಿನವರು ಎಸೆದ ಅಕ್ಷತೆ ಮಂಟಪ ಮುಟ್ಟದೆ ಫೋಟೋಗ್ರಾಫರನ ಮುಂದೆಯೇ ಬೀಳುವುದು ವಾಡಿಕೆ. ಮದುಮಗ ಫ್ಲ್ಯಾಶಿನಿಂದ ಆರಡಿ ದೂರದಲ್ಲಿದ್ದು, ಒಂದು ಅಕ್ಕಿಕಾಳು ಒಂದೇ ಅಡಿಯಲ್ಲಿ ಹಾರುತ್ತಿದ್ದರೆ ಕಾಳಿಗೆ ಸಿಗುವ ಬೆಳಕು ಮದುಮಗನದಕ್ಕಿಂತ 36 ಪಟ್ಟು. ಮಾಂಗಲ್ಯಧಾರಣೆಯ ಫೋಟೋಗಳಲ್ಲಿ ದಂಪತಿಗಳ ಸುತ್ತ ತೇಲುವ ದುಂಡು ದುಂಡು ಬಿಳಿ ಬಿಂಬಗಳನ್ನು ಹಿರಿಯರ ಆಶೀರ್ವಾದವೆಂದು ಭಾವಿಸುವವರಿದ್ದಾರೆ. ತಪ್ಪೇನೂ ಇಲ್ಲ.

ರೋಲಿನ ಕಾಲದಲ್ಲಿ ಈ ಫ್ಲ್ಯಾಶಿಗೆ ಇನ್ನೊಂದು ಪ್ರಯೋಗವಿತ್ತು. ಒಂದು ರೋಲಿಗೆ 36 ಫೋಟೋ, ನೆಂಟರು ನಾನೂರು. ‘ನಮ್ದೊಂದು ತೆಗೀಪ್ಪಾ’ ಎಂದು ಬಂದ ಎಲ್ಲರಿಗೂ ಅನುಭವಿ ಫೋಟೋಗ್ರಾಫರ್ ಬರೀ ಫ್ಲ್ಯಾಶ್ ಹೊಡೆದು ಕಳಿಸುತ್ತಿದ್ದನಂತೆ. ಚಿತ್ರವಿಲ್ಲದ ಶುದ್ಧ ಬೆಳಕು. ನಿರ್ಗುಣೋಪಾಸನೆಯ ಇಷ್ಟು ಸ್ಪಷ್ಟ ಉದಾಹರಣೆ ಬೇರೆ ದರ್ಶನಗಳಲ್ಲಿ ಸಿಕ್ಕುವುದು ಕಷ್ಟ. ಸಾಧಕರಿಗೆ ತೃಪ್ತಿಯೂ ಪೂರ್ಣವಾಗಿ ಆಗುತ್ತಿತ್ತು.

ಎರಡನೆಯ ಸೂತ್ರ: ಬೆಳಕು ಬೀಗರ ಹಾಗೆ.

ಭಾಷ್ಯ: ತಾನಾಗಿ ಬಂದ ಹೊತ್ತೇ ಹೊತ್ತು, ನಿಂತ ಜಾಗವೇ ಜಾಗ, ‘ಸ್ವಲ್ಪ ಆ ಕಡೆ ಸರೀತೀರಾ’ ಎನ್ನುವ ಧೈರ್ಯ ಯಾರಿಗೂ ಇಲ್ಲ. ವಿಡಿಯೋದವರ ಲೈಟ್ ಹಿಡಿಯುವ ಹುಡುಗನನ್ನೇ ನೋಡಿ. ಅವನ ತೋಳು ಸೋಲುತ್ತ ಬಂದಂತೆ ದೀಪ ಮದುಮಗಳ ಮುಖ ಬಿಟ್ಟು, ಕೊರಳಿಗಿಳಿದು, ಕೊನೆಗೆ ಸೋದರಮಾವನ ಬೋಳುತಲೆಯಲ್ಲಿ ವಿಶ್ರಮಿಸುತ್ತದೆ. ಕ್ಯಾಮೆರಾ ಆ ತಲೆಯನ್ನೇ ಪ್ರಮಾಣವೆಂದು ನಂಬಿ ಮಿಕ್ಕವರನ್ನೆಲ್ಲ ಕಪ್ಪಾಗಿಸುತ್ತದೆ.

ಬಣ್ಣದ ಪ್ರಶ್ನೆ ಇನ್ನೂ ಗಹನ. ಎಣ್ಣೆದೀಪದ ಬೆಳಕು ಸುಮಾರು 1900 ಕೆಲ್ವಿನ್, ವಿಡಿಯೋ ಹ್ಯಾಲೊಜೆನ್ 3200, ನಡುಹಗಲ ಬಿಸಿಲು 5500, ಛತ್ರದ ಬಿಳಿ ಟ್ಯೂಬ್‌ಲೈಟ್ 6500ರ ಆಸುಪಾಸು. ನಮ್ಮ ಕಣ್ಣು ಇವೆಲ್ಲವನ್ನೂ ಅಡ್ಜಸ್ಟ್ ಮಾಡಿಕೊಂಡು ಬಿಳಿ ಪಂಚೆಯನ್ನು ಬಿಳಿಯೆಂದೇ ಕಾಣುತ್ತದೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. ಅದು ಏಕಪತ್ನೀವ್ರತಸ್ಥ, ಒಂದು ಬೆಳಕನ್ನು ಬಿಳಿಯೆಂದು ವರಿಸಿದರೆ ಉಳಿದದ್ದೆಲ್ಲ ಅದಕ್ಕೆ ಪರಬಣ್ಣ. ಹಾಗಾಗಿ ಮದುಮಗನ ಎಡಗೆನ್ನೆ ಕೇಸರಿ, ಬಲಗೆನ್ನೆ ನೀಲಿ. ಚಪ್ಪರದ ಹಸಿರು ಬಟ್ಟೆಯಡಿ ಬೀಗರ ಊಟಕ್ಕೆ ಕೂತವರು, ಇನ್ನೂ ಒಂದು ತುತ್ತೂ ಇಳಿಯುವ ಮೊದಲೇ, ಅಜೀರ್ಣವಾದವರಂತೆ ಕಾಣುತ್ತಾರೆ. ರಿಸೆಪ್ಷನ್ನಿನ ನೇರಳೆ ಎಲ್‌ಇಡಿಯ ಬಗ್ಗೆ ಶಾಸ್ತ್ರಕಾರರು ಮೌನ ತಾಳಿದ್ದಾರೆ. ಕುಟುಂಬದ ಗ್ರೂಪ್ ಫೋಟೋ ಮುಗಿಯುವವರೆಗೆ ಅದನ್ನು ಆರಿಸಿಡುವಂತೆ ಡಿಜೆಯವನ ಕೈ ಸ್ವಲ್ಪ ಬಿಸಿ ಮಾಡುವುದೊಂದೇ ಪರಿಹಾರ. ಅಗ್ಗದ ಎಲ್‌ಇಡಿಗಳು ಕರೆಂಟಿನ ಲಯಕ್ಕೆ ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಶಟರ್ ಅದಕ್ಕಿಂತ ಚುರುಕಾದರೆ ಅತ್ತೆಯವರ ರೇಷ್ಮೆಸೀರೆಯ ಮೇಲೆ ನೇಕಾರರು ನೇಯದ ಪಟ್ಟೆಗಳು ಮೂಡುತ್ತವೆ.

ಅನುಮಾನ ಪ್ರಕರಣವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ತರ್ಕದ ಮೊದಲ ಪಾಠ. ಲಾಜಾಹೋಮದ ಫೋಟೋದಲ್ಲಿ ಪ್ರತ್ಯಕ್ಷವಾಗುವುದು ಫ್ಲ್ಯಾಶ್ ಬಡಿದು ಬೆಳ್ಳಗಾದ ಹೊಗೆ ಮಾತ್ರ. ಬೆಂಕಿಯನ್ನು ಊಹಿಸಿಕೊಳ್ಳಬೇಕು, ಮದುಮಕ್ಕಳನ್ನೂ. ಅರುಂಧತೀದರ್ಶನದ ಫೋಟೋ ಇದಕ್ಕೂ ಒಂದು ಮೆಟ್ಟಿಲು ಮೇಲೆ. ಕತ್ತಲ ರಾತ್ರಿಯಲ್ಲೂ ಕಣ್ಣು ಕಿರಿದುಮಾಡಿ ಹುಡುಕಬೇಕಾದ ಆ ನಕ್ಷತ್ರವನ್ನು ಛತ್ರದ ಬಾಗಿಲಲ್ಲಿ ಸುಡುಬಿಸಿಲಲ್ಲಿ ತೋರಿಸಿ, ‘ಕಾಣ್ತಾ?’ ಎಂದರೆ ಇಬ್ಬರೂ ‘ಕಾಣ್ತು’ ಎನ್ನುತ್ತಾರೆ. ದಾಂಪತ್ಯದ ಮೊದಲ ಒಮ್ಮತದ ಸುಳ್ಳು. ಇಡೀ ಮದುವೆಯಲ್ಲಿ ತನ್ನ ಫೋಟೋ ಬಂದಿಲ್ಲವೆಂದು ಮುನಿಸಿಕೊಳ್ಳದ ಹೆಂಗಸು ಅರುಂಧತಿಯೊಬ್ಬಳೇ.

ಹಾಗಾದರೆ ವಿಧಿಯೇನು? ಮುಹೂರ್ತದ ಹೊತ್ತಿಗೇ ಒಂದು ದಿನ ಮುಂಚಿತವಾಗಿ ಛತ್ರಕ್ಕೆ ಹೋಗಿ ಯಾವ ಕಿಟಕಿಯಿಂದ ಏನು ಬರುತ್ತದೆಂದು ನೋಡುವುದು. ಬೆಳಕಿನ ಕಡೆಯ ಕಿಟಕಿಯ ಮುಂದೆ ಆನೆ ಬೇಡವೆಂದು ಡೆಕೊರೇಷನ್ನಿನವರನ್ನು ಬೇಡಿಕೊಳ್ಳುವುದು. ಚಪ್ಪರಕ್ಕೆ ಬಿಳಿ ಬಟ್ಟೆ ಹೇಳುವುದು. ವಿಡಿಯೋ ಲೈಟನ್ನು ಹುಡುಗನ ಕೈಯಿಂದ ಬಿಡಿಸಿ, ಸ್ಟ್ಯಾಂಡಿಗೇರಿಸಿ, ಬಿಳಿ ಛತ್ರಿಯ ಮೂಲಕ ಪಕ್ಕದಿಂದ ಬೀಳಿಸುವುದು. ಇಷ್ಟು ಮಾಡಿದವರನ್ನು ನಾನು ಬಲ್ಲೆ. ಅವರ ಮದುವೆಯಲ್ಲಿ ಆ ಸ್ಟ್ಯಾಂಡಿನ ಮುಂದೆ ಚಿಕ್ಕಪ್ಪನವರು ಮೊಬೈಲ್ ಹಿಡಿದು ನಿಂತಿದ್ದರು.

ಕುವೆಂಪು ಅವರ ಮಂತ್ರಮಾಂಗಲ್ಯ ಪದ್ಧತಿಯಲ್ಲಿ ಪುರೋಹಿತರಿಲ್ಲ, ಮುಹೂರ್ತದ ಹಂಗಿಲ್ಲ. ಬೆಳಕು ನೋಡಿ ಹೊತ್ತು ಇಟ್ಟುಕೊಳ್ಳುವ ಸ್ವಾತಂತ್ರ್ಯವಿರುವುದು ಹಾಗೆ ಮದುವೆಯಾಗುವವರಿಗೇ. ಆದರೆ ಆಡಂಬರ ಕೂಡದೆಂಬುದೂ ಅದೇ ಪದ್ಧತಿಯ ಮಾತಾದ್ದರಿಂದ ಅಲ್ಲಿ ಫೋಟೋಗ್ರಾಫರುಗಳ ದಂಡೇ ಇರುವುದಿಲ್ಲ.

ಕಡೆಗೆ ಪ್ರಾಯಶ್ಚಿತ್ತ. ಗಟ್ಟಿಮೇಳದ ಗದ್ದಲದಲ್ಲಿ ತಾಳಿ ಕಟ್ಟುವ ಫೋಟೋ ಕೆಟ್ಟರೆ ಏನು ಗತಿ? ‘ಐನೋರೇ, ಲೈಟ್ ಕಟ್ ಆಯ್ತು, ಇನ್ನೊಂದ್ಸಲ ಹಂಗೇ ಹಿಡ್ಕೊಳಕ್ಕೆ ಹೇಳಿ’ ಎಂದು ಫೋಟೋಗ್ರಾಫರ್ ಕೇಳುತ್ತಾನೆ. ಮದುಮಗ ಕಟ್ಟಿದ ತಾಳಿಯನ್ನೇ ಎತ್ತಿ ಹಿಡಿದು ನಗುತ್ತಾನೆ. ಇದು ಎರಡನೇ ಮದುವೆಯಾಗುತ್ತದೆಯೇ? ಗಂಟು ಬಿಚ್ಚಿಲ್ಲವಾದ್ದರಿಂದ ಆಗದು ಎಂದು ಗಂಡಿನವರ ಪಕ್ಷ. ಮೂರು ಗಂಟು ಬಿದ್ದ ಮೇಲೆ ಮುಟ್ಟಲೇಕೂಡದು ಎಂದು ಹೆಣ್ಣಿನ ಅಜ್ಜಿ. ಶಾಸ್ತ್ರಿಗಳು ಎರಡೂ ಪಕ್ಷ ಕೇಳಿ, ಕೈಯಲ್ಲಿದ್ದ ಅಕ್ಷತೆಯನ್ನು ತಟ್ಟೆಗೆ ಹಾಕಿ, ‘ಆಗಿದ್ದು ಅಗ್ನಿಸಾಕ್ಷಿ, ಇದು ಫ್ಲ್ಯಾಶ್ ಸಾಕ್ಷಿ. ಮದುವೆ ಒಂದೇ. ಆದ್ರೆ ನಾನು ಎದ್ದು ನಿಂತಿದ್ದು ಎರಡು ಸಲ. ದಕ್ಷಿಣೆ ಹೊತ್ನಲ್ಲಿ ಜ್ಞಾಪಕ ಇರ್ಲಿ’ ಎಂದರು.