ಹೆಸರಿಟ್ಟ ಕೋಳಿ ಸಾರಾಗದು

ನನ್ನ ಹೆಂಡತಿ ಸೊರಬದ ಕಡೆಯವಳು. ಚಿರತೆ ಅಂದರೆ ನಗುತ್ತಾಳೆ, ಉಣುಗು ಅಂದರೆ ನಡುಗುತ್ತಾಳೆ. 1957ರಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಕಾಣಿಸಿಕೊಂಡ ಕ್ಯಾಸನೂರು ಕಾಡು ಅವಳ ತವರಿನ ತಾಲ್ಲೂಕಿನದೇ. ಅಂಥವಳನ್ನು ಮದುವೆಯಾಗಿ ನಾನು ತಂದಿಳಿಸಿದ್ದು ನ್ಯೂಜೆರ್ಸಿಯ ಹಂಟರ್ಡನ್ ಕೌಂಟಿಯಲ್ಲಿ. ಇಲ್ಲಿ ಹಿತ್ತಿಲಿಗೆ ಜಿಂಕೆ ಬರುತ್ತದೆ, ಜಿಂಕೆಯ ಮೈಮೇಲೆ ಉಣುಗು ಬರುತ್ತದೆ, ಉಣುಗು ಕಚ್ಚಿದರೆ ಲೈಮ್ ಕಾಯಿಲೆ ಬರುತ್ತದೆ. 1975ರಲ್ಲಿ ಕನೆಕ್ಟಿಕಟ್ಟಿನ ಲೈಮ್ ಊರಿನ ಸುತ್ತ ಒಮ್ಮೆಗೇ ಹಲವು ಮಕ್ಕಳ ಕೀಲು ಊದಿಕೊಂಡಾಗ ಬೆಳಕಿಗೆ ಬಂದ ಕಾಯಿಲೆ ಅದು. "ಒಂದು ಉಣುಗು ಬಿಟ್ಟು ಇನ್ನೊಂದು ಉಣುಗಿನ ಬಾಯಿಗೆ ಕೊಟ್ಟರಲ್ರೀ" ಎಂದು ಅವಳು ಇವತ್ತಿಗೂ ಕೇಳುತ್ತಾಳೆ.

ಮನೆಯಲ್ಲಿ ಹೇಂಟೆಗಳೂ ಒಂದು ಹುಂಜವೂ ಆಗಲೇ ಇದ್ದವು. ಜತೆಗೆ ಗಿನಿ ಕೋಳಿ ಸಾಕಿದರೆ ಉಣುಗನ್ನೆಲ್ಲ ಹೆಕ್ಕಿ ತಿನ್ನುತ್ತವೆಂದು ಯಾರೋ ಅವಳ ಕಿವಿಗೆ ಹಾಕಿದರು. ನಾನು ಪುರಾವೆ ಹುಡುಕಲು ಕೂತೆ. ಲಾಂಗ್ ಐಲೆಂಡಿನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಿಕ್ಕಿತು. ಅದರ ಲೇಖಕರಲ್ಲಿ ಒಬ್ಬರು ಸೂಪರ್ ಮಾಡೆಲ್ ಕ್ರಿಸ್ಟಿ ಬ್ರಿಂಕ್ಲಿ. ಅಷ್ಟು ಶ್ರದ್ಧೆಯಿಂದ ನಾನು ಕಾಲೇಜಿನಲ್ಲೂ ಓದಿದವನಲ್ಲ. ಗಿನಿ ಕೋಳಿ ಮೇಯ್ದ ಹುಲ್ಲುಹಾಸಿನಲ್ಲಿ ಬೆಳೆದ ಉಣುಗು ಕಡಿಮೆಯಾಯಿತು ಎಂದು ಅದರ ತೀರ್ಮಾನ. ಗಸಗಸೆ ಗಾತ್ರದ ಎಳೆ ಉಣುಗು ಮಾತ್ರ ಕಡಿಮೆಯಾಗಲಿಲ್ಲ, ಕಾಯಿಲೆ ಹೆಚ್ಚು ಹರಡುವುದು ಅದರಿಂದಲೇ ಎಂದು ಮುಂದೆ ಬೇರೆಯವರು ಬರೆದರು. ಆದರೆ ಅವರಲ್ಲಿ ಸೂಪರ್ ಮಾಡೆಲ್ ಯಾರೂ ಇರಲಿಲ್ಲ.

ಆ ಬೇಸಿಗೆಯಲ್ಲೇ ಚನ್ನರಾಯಪಟ್ಟಣದಿಂದ ಅವ್ವ ಬಂದಿದ್ದಳು. ಗಿನಿ ಮೊಟ್ಟೆ ತಂದು ಇನ್‌ಕ್ಯುಬೇಟರ್ ತರಿಸಲು ಹೊರಟಿದ್ದೆ. "ಯಂತ್ರ ಯಾಕ್ಲಾ? ಕಾವಿಗೆ ಬಂದಿರೋ ಹೇಂಟೆ ಕಣ್ಣೆದುರಿಗೇ ಐತಲ್ಲ" ಎಂದು ಗದರಿ, ಕತ್ತಲಾದ ಮೇಲೆ ಒಂದೊಂದೇ ಮೊಟ್ಟೆಯನ್ನು ಹೇಂಟೆಯ ಹೊಟ್ಟೆಯಡಿ ಸರಿಸಿದಳು. ಕೋಳಿಗೆ 21 ದಿನದ ಕಾವು, ಗಿನಿಗೆ 28 ದಿನ. ಪುಣ್ಯಕ್ಕೆ ಹೇಂಟೆಗೆ ಲೆಕ್ಕ ಬರುತ್ತಿರಲಿಲ್ಲ. ಹೊರಬಂದ ಪಟ್ಟೆತಲೆಯ ಮರಿಗಳು ಮೈ ಒದ್ದೆಯಾದರೆ ಸಾಯುವಂಥವು, ಕುಡಿಯುವ ನೀರಲ್ಲೇ ಮುಳುಗುವಂಥವು. ಅವ್ವ ನನ್ನ ಮಗನ ಗೋಲಿಗಳನ್ನು ಕಿತ್ತುಕೊಂಡು ನೀರಿನ ತಟ್ಟೆಗೆ ಸುರಿದಳು, ಕೊಕ್ಕು ಹಿಡಿಯುವಷ್ಟೇ ಜಾಗ ಉಳಿಯುವ ಹಾಗೆ. ಕೋಳಿಮರಿಗಿಂತ ಇವಕ್ಕೆ ಹೆಚ್ಚು ಪ್ರೋಟೀನ್ ಇರುವ ಆಹಾರ ಬೇಕು ಎಂದಾಗ, "ನಿನ್ನ ನಾ ಬರೀ ಮುದ್ದೇಲೇ ಸಾಕಿದ್ದು" ಎಂದಳು.

ಮರುವರ್ಷ ಅವ್ವ ಬರುವ ಹೊತ್ತಿಗೆ ಹಿತ್ತಿಲಿನ ಆಡಳಿತ ಬದಲಾಗಿತ್ತು. ಕೋಳಿಗಳಿಗೆ ಮೇಲು ಕೀಳಿನ ಕಟ್ಟುನಿಟ್ಟು ಉಂಟು. ಯಾರು ಮೊದಲು ತಿನ್ನಬೇಕು, ಯಾರು ಯಾರನ್ನು ಕುಕ್ಕಬಹುದು, ಎಲ್ಲ ತೀರ್ಮಾನವಾಗಿರುತ್ತದೆ. ಸಂಜೆಯಾದರೆ ತಾವೇ ಗೂಡು ಸೇರುತ್ತವೆ. ಗಿನಿಗಳು ಯಾರ ಮಾತನ್ನೂ ಕೇಳವು. ಕತ್ತಲಾಗುತ್ತಲೇ ಮೇಪಲ್ ಮರದ ತುದಿ ಹತ್ತಿ ಕೂರುತ್ತವೆ. ಸಾಕಿದ ಹೇಂಟೆ ಬುಡದಲ್ಲಿ ನಿಂತು ಲೊಕ್ ಲೊಕ್ ಎಂದು ಕರೆದು ಕರೆದು ಸೋಲುತ್ತದೆ. ನರಿ ಬಂದರೂ ಕಿರುಚುತ್ತವೆ, ಕೊರಿಯರ್ ವ್ಯಾನು ಬಂದರೂ ಅದೇ ಕಿರುಚಾಟ, ಪ್ಲಾಸ್ಟಿಕ್ ಚೀಲ ಹಾರಿದರೂ ಅದೇ. ನೋಡಲು ಗಂಡು ಹೆಣ್ಣು ಒಂದೇ ಥರ; ಹೆಣ್ಣು ಎರಡಕ್ಷರದಲ್ಲಿ ಕೂಗುತ್ತದೆ, ಗಂಡಿಗೆ ಬರುವುದು ಒಂದೇ ಅಕ್ಷರ. "ಗಂಡುಕೂಸುಗಳ ಪಾಡು ಎಲ್ಲೋದ್ರೂ ಇಷ್ಟೆಯ" ಎಂದಳು ಅವ್ವ.

ಎಲ್ಲಕ್ಕಿಂತ ಕಷ್ಟ ಹುಂಜದ್ದು. ಗಂಡು ಗಿನಿಗಳು ಗುಂಪು ಕಟ್ಟಿಕೊಂಡು ಅಟ್ಟಿಸಿಕೊಂಡು ಹೋಗಿ ಅದರ ಬಾಲದ ಗರಿ ಕೀಳುತ್ತಿದ್ದವು. ತಟ್ಟೆ ಎರಡು ಮಾಡಿದೆವು, ತಪ್ಪಿಸಿಕೊಳ್ಳಲಿ ಎಂದು ಗೂಡಿಗೆ ಎರಡನೇ ಬಾಗಿಲು ಇಟ್ಟೆವು. ಜಗಳ ಇಳಿಯಿತು. ಬಾಲ ಬರಲಿಲ್ಲ.

ಇನ್ನು ಉಳಿದದ್ದು ಸಾರಿನ ಪ್ರಶ್ನೆ. ಹೆಂಡತಿ ಮಾಂಸ ಮುಟ್ಟುವುದಿಲ್ಲ. ಅವ್ವನಿಗೆ ಗ್ಯಾರೇಜಿನಲ್ಲಿ ಒಂದು ಒಲೆ ಬೇರೆಯೇ ಇದೆ. ಕನ್ನಡ ಸಂಘದವರು ಯಾರೇ ಬರಲಿ, ಹಿತ್ತಿಲು ನೋಡಿ ಕೇಳುವುದು ಒಂದೇ: "ತಿನ್ನೋದು ಯಾವಾಗ?" ಒಂದು ಬೆಳಗ್ಗೆ ಅವ್ವ ಗಿನಿಯೊಂದರ ರೆಕ್ಕೆ ಒಟ್ಟುಮಾಡಿ ಹಿಡಿದು, ಎದೆಮೂಳೆಯ ಎರಡೂ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಹೆಂಡತಿ ಕಿಟಕಿಯಿಂದ ಕೂಗಿದಳು: "ಅತ್ತೆ, ಕಾದಂಬರೀನ ಕೆಳಗೆ ಬಿಡಿ!"

ಹೆಸರು ಅವಳು ಕಟ್ಟಿದ್ದಲ್ಲ. ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಬೆಳೆಸಿದ ಗಿನಿ ತಳಿಗಳಿಗೆ ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ ಎಂದೇ ಹೆಸರು. ಅವು ಮುಗಿದ ಮೇಲೆ ಸೊರಬದ ಚಿಕ್ಕಮ್ಮ ದೊಡ್ಡಮ್ಮಂದಿರ ಹೆಸರೆಲ್ಲ ಖರ್ಚಾದವು. ಅವ್ವನ ಕೈ ಸಡಿಲವಾಯಿತು. "ಹೆಸರು ಹಿಡಿದು ಕೂಗಿದ್ದನ್ನ ಒಲೆ ಮೇಲೆ ಹೆಂಗವ್ವಾ ಇಡ್ಲಿ?" ಎಂದು ಹಕ್ಕಿಯನ್ನು ಬಿಟ್ಟು, ಗೂಡಿನ ಮೂಲೆ ನೋಡಿದಳು. ಹೆಸರಿಲ್ಲದೆ ಉಳಿದಿದ್ದದ್ದು ಹುಂಜ ಒಂದೇ. ಬಾಲವಿಲ್ಲ, ಗತ್ತಿಲ್ಲ. ಅವ್ವ ಮಸಾಲೆ ಹುರಿಯಲು ಶುರುಮಾಡಿದಳು.

ಹೆಂಡತಿಗೆ ಯೋಚಿಸಲು ಸಮಯವಿರಲಿಲ್ಲ. ಹುಂಜಕ್ಕೆ ನನ್ನ ಹೆಸರಿಟ್ಟಳು.

ಕೊಬ್ಬರಿ ಹುರಿಯುವ ವಾಸನೆ ಅಲ್ಲಿಗೇ ನಿಂತಿತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಮದುವೆಯಲ್ಲಿ ಸೊಸೆಗೆ ಕಲಿಸಿದವಳು ಅವ್ವನೇ. ಈಗ ದಿನಾ ಸಂಜೆ ಹಿತ್ತಿಲಲ್ಲಿ ನನ್ನ ಹೆಸರು ಹಿಡಿದು, "ಬಾಲ ಹೋದರೂ ಬುದ್ಧಿ ಬರಲಿಲ್ಲ, ಒಳಗೆ ನಡಿ" ಎಂಬ ಬೈಗುಳ ಬೀದಿಗೂ ಕೇಳುತ್ತದೆ. ಅವ್ವನ ಕಡೆ ನೋಡಿದರೆ, "ಹುಂಜಕ್ಕೆ ಬೈತಾವ್ಳೆ ಕಣ್ಲಾ, ನಿಂಗೇನಾಯ್ತು?" ಎನ್ನುತ್ತಾಳೆ. ಸಾರಾಗದೆ ಉಳಿದದ್ದೇ ದೊಡ್ಡದೆಂದು ಹುಂಜವೂ ನಾನೂ ಸುಮ್ಮನೆ ಒಳಗೆ ನಡೆಯುತ್ತೇವೆ.